ರಾಮಲಿಂಗಪ್ಪನ ಹೆಸರಿನ ಹಾಳೆ

“ನೋಡವಾ ತಂಗಿ, ಈ ಪುಣೇದಾಗ ನಾ ಮದುವಿ ಕಾರ್ಡು ಛಾಪಿಸಾಕ ಹತ್ತಿ ನಲವತ್ತೊಂದು ವರ್ಷಾತು. ಹುಡುಗ-ಹುಡುಗಿ ಹೆಸರು ಒಂದ ದಿನ ತಪ್ಪಿಲ್ಲ. ತಪ್ಪೂದು ಕೆಳಗ. ‘ಸುಖಾಗಮನ ಬಯಸುವವರು’ ಅಂತ ಬರದು ಅದರ ಕೆಳಗ ಒಂದು ದಂಡ ನಿಂತಿರತದ ನೋಡು, ಅಲ್ಲಿ. ಯಾರು ಮ್ಯಾಲ, ಯಾರು ಕೆಳಗ, ಯಾರಿಗೆ ಡಾಕ್ಟರ್ ಹಚ್ಚಬೇಕು, ಯಾರಿಗೆ ನಿವೃತ್ತ ತಹಶೀಲ್ದಾರ ಅಂತ ಹಾಕಬೇಕು. ಮದುವ್ಯಾಗ ಒಂದು ಚರಿಗಿ ನೀರು ಎತ್ತಿ ಇಟ್ಟಿರೂದಿಲ್ಲ, ಹೆಸರು ಮಾತ್ರ ದಪ್ಪ ಅಕ್ಷರದಾಗ ಬರಬೇಕು. ಬರಲಿ ಬಿಡು. ಮದುವ್ಯಾಗ ಹೆಸರು ಅಂದ್ರ ಮರ್ಯಾದಿ, ಕೆಲಸ ಅಲ್ಲ.

ಒಂದ ಸಲ ಏನಾತು, ಇಂಡಿ ಕಡೆ ಒಬ್ಬರ ಮನಿ ಕಾರ್ಡು. ಹುಡುಗನ ಅಜ್ಜಗ ಹಚ್ಚಬೇಕಾದ ‘ಲಿಂ.’ ಅನ್ನೂದು ಒಂದು ಸಾಲು ಕೆಳಗ ಜಾರಿ ಹುಡುಗನ ಕಾಕಾಗ ಹತ್ತಿಬಿಡ್ತು. ಅಂದ್ರ ಅವನೂ ಲಿಂಗೈಕ್ಯ ಆದಾಂಗ ಆತು. ಎಂಟನೂರು ಕಾರ್ಡು ಹಂಚಿ ಮುಗದಿದ್ದುವು. ನಾಕು ದಿನಕ್ಕ ಆ ಕಾಕಾನ ಬಂದು ಇದ ಬಾಗಲದಾಗ ನಿಂತ. ಬೈಲಿಲ್ಲ, ಹೊಡೀಲಿಲ್ಲ. ಕಾರ್ಡು ಮುಂದ ಹಿಡದು, ‘ರಾಮಲಿಂಗಪ್ಪ, ನಾ ಯಾವತ್ತ ಹೋದೆ ಅನ್ನೂದು ಒಂದೀಟು ಹೇಳು. ಮನ್ಯಾಗ ಕೇಳಾಕತ್ತಾರ’ ಅಂದ. ನಂಗ ನೆಲ ಬಾಯಿ ತಗದ್ರ ಸಾಕಾಗಿತ್ತು. ಅವತ್ತಿನಿಂದ ನಂದೊಂದು ನೇಮ. ಕಾರ್ಡಿನ್ಯಾಗ ಯಾರ್‍ಯಾರ ಹೆಸರು ಬರತಾವೋ ಅವರೆಲ್ಲಾರದೂ ಒಂದು ಹಾಳಿ ಮಾಡ್ತೀನಿ. ಒಬ್ಬೊಬ್ಬರ ಕಡೆ ಹೋಗಿ, ಇಲ್ಲಾ ಫೋನ್ ಹಚ್ಚಿ, ‘ನಿಮ್ಮ ಹೆಸರು ಹಿಂಗ ಬರತದ, ಸೈ ಅನ್ರಿ’ ಅಂತ ಕೇಳಿ ಸಹಿ ತಗೋತೀನಿ. ಹೆಸರಿನ ಹಾಳಿ ತುಂಬದ ನನ್ನ ಮಶೀನು ತಿರಗೂದಿಲ್ಲ. ಮುಖ್ಯಮಂತ್ರಿ ಮನಿ ಮದುವಿ ಇದ್ರೂ ಇಲ್ಲ.”

ರಾಮಲಿಂಗಪ್ಪ ಈ ಮಾತು ಹೇಳಿದ್ದು ಶಿವಾನಿ ಎಂಬ ಹುಡುಗಿಗೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಶಿವಾಜಿನಗರದ ಕೋರ್ಟಿನ ಹಿಂದಿನ ಗಲ್ಲಿಯಲ್ಲಿರುವ ತನ್ನ ಪ್ರೆಸ್ಸಿನಲ್ಲಿ. ಹೇಳುವಾಗ ಅವನ ಕೈಯಲ್ಲಿ ಒಂದು ಪ್ರೂಫಿನ ಹಾಳೆ ಇತ್ತು. ಅದು ಮದುವೆಯದಲ್ಲ, ಒಂದು ಕಾಲೇಜಿನ ಸಂಶೋಧನಾ ಪತ್ರಿಕೆಯದು.

ಮದುವೆ ಕಾರ್ಡಿನವನಿಗೂ ಸಂಶೋಧನೆಗೂ ಎಲ್ಲಿಯ ನಂಟು ಎಂದರೆ, ಅದಕ್ಕೂ ಒಂದು ಮದುವೆಯೇ ಕಾರಣ. ಚನ್ನವೀರಪ್ಪನವರು ಎಂಬ ಅರಿವೆ ವ್ಯಾಪಾರಿ ವಿಜಾಪುರ ಜಿಲ್ಲೆಯಿಂದ ಬಂದು, ಲಕ್ಷ್ಮೀ ರಸ್ತೆಯಲ್ಲಿ ಅಂಗಡಿ ಹಾಕಿ, ಗಳಿಸಿದ್ದರಲ್ಲಿ ಒಂದು ಕಾಲೇಜು ಕಟ್ಟಿಸಿದರು. ಅವರ ಮಕ್ಕಳ ಮದುವೆ ಕಾರ್ಡುಗಳೆಲ್ಲ ರಾಮಲಿಂಗಪ್ಪನಲ್ಲೇ ಆದವು. ಮುಂದೆ ಕಾಲೇಜಿನವರು ‘ಶೋಧಕುಂಭ’ ಎಂಬ ಪತ್ರಿಕೆ ತೆಗೆದಾಗ ಆ ಕೆಲಸವೂ ಹಳೆಯ ಗುರುತಿನ ಮೇಲೆ ಇವನಿಗೇ ಬಂತು. ಆರು ತಿಂಗಳಿಗೊಂದು ಸಂಚಿಕೆ, ಐನೂರು ಪ್ರತಿ. ಅವುಗಳಲ್ಲಿ ನಾನೂರ ಚಿಲ್ಲರೆ ಪ್ರತಿಗಳು ಕಾಲೇಜಿನ ಜಿನೆಯ ಮೆಟ್ಟಿಲುಗಳ ಕೆಳಗೆ ಸುತಲಿ ದಾರ ಕಟ್ಟಿಸಿಕೊಂಡು ಕುಳಿತಿರುತ್ತವೆ. ಉಳಿದವು ಬರೆದವರ ಮನೆಗೆ ಹೋಗುತ್ತವೆ. ಬರೆದವರು ತಮ್ಮ ಹೆಸರಿರುವ ಪುಟ ಓದುತ್ತಾರೆ. ಇಡೀ ಸಂಚಿಕೆಯನ್ನು ಮೊದಲಿನಿಂದ ಕೊನೆಯವರೆಗೆ, ಕವರಿನ ಒಳಮೈಯನ್ನೂ ಬಿಡದೆ ಓದುವ ಮನುಷ್ಯ ಪುಣೆಯಲ್ಲಿ ಒಬ್ಬನೇ. ಅವನು ಏಳನೇ ಇಯತ್ತೆಗೆ ಸಾಲೆ ಬಿಟ್ಟ ರಾಮಲಿಂಗಪ್ಪ. ಪ್ರೂಫು ನೋಡುವವನಿಗೆ ಓದದೆ ಗತಿಯಿಲ್ಲವಲ್ಲ. ಇಂಗ್ಲಿಷಾದರೆ ಬೆರಳಿಟ್ಟು ಓದುತ್ತಾನೆ, ಮರಾಠಿಯಾದರೆ ಬಾಯಿ ಆಡಿಸುತ್ತ ಓದುತ್ತಾನೆ, ಕನ್ನಡವಾದರೆ ಹೆಂಡತಿಗೂ ಕೇಳಿಸುವಂತೆ ಓದುತ್ತಾನೆ. ಹೆಂಡತಿ ಕಲ್ಲವ್ವ ಪ್ರೆಸ್ಸಿನ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕಾರ್ಡಿನ ಲಕೋಟೆಗಳಿಗೆ ಅಂಟು ಹಚ್ಚುತ್ತಿರುತ್ತಾಳೆ. ಅವಳಿಗೆ ಓದು ಬರುವುದಿಲ್ಲ. ಆದರೆ ಒಮ್ಮೆ ಕಿವಿಗೆ ಬಿದ್ದದ್ದು ಮರೆಯುವ ಅಭ್ಯಾಸವೂ ಅವಳಿಗಿಲ್ಲ.

ಶಿವಾನಿ ಆ ಕಾಲೇಜಿನಲ್ಲಿ ತಾಸಿನ ಲೆಕ್ಕದ ಮೇಲೆ ಪಾಠ ಹೇಳುವವಳು. ಪಾಠ ಹೇಳಿದ ತಾಸಿಗೆ ಪಗಾರ, ರಜೆಯಲ್ಲಿ ಏನೂ ಇಲ್ಲ. ತಂದೆ ಜಮಖಂಡಿ ಕಡೆಯವರು, ಕಾತ್ರಜದಲ್ಲಿ ಒಂದು ಸಾಗಾಣಿಕೆ ಕಂಪನಿಯ ಕಾರಕೂನರು. ಹುಡುಗಿ ಎಂಟು ತಿಂಗಳು ಪ್ರತಿ ರವಿವಾರ ಲೋಕಲ್ ಹಿಡಿದು ಲೋಣಾವಳಾಕ್ಕೆ ಹೋಗಿ, ಚಿಕ್ಕಿ ಮಾಡುವ ಅರವತ್ತಮೂರು ಹೆಂಗಸರ ಅಂಗೈಗಳನ್ನು ನೋಡಿ ಬಂದಿದ್ದಳು. ಬೆಲ್ಲದ ಪಾಕ ಒಲೆಯಿಂದ ಇಳಿದ ಮೇಲೆ ಒಂದು ನಿಮಿಷದೊಳಗೆ ಲಟ್ಟಿಸಿ ಕೊಯ್ಯಬೇಕು, ತಡವಾದರೆ ಕಲ್ಲಾಗುತ್ತದೆ. ಹಾಗಾಗಿ ಬಿಸಿ ಎಷ್ಟಿದ್ದರೂ ಕೈ ಹಿಂದಕ್ಕೆ ತೆಗೆಯುವಂತಿಲ್ಲ. ಹತ್ತು ವರ್ಷ ಆ ಕೆಲಸ ಮಾಡಿದವರ ಬೆರಳಿಗೆ ಸೂಜಿಯ ದಾರ ಹಿಡಿಯುವುದಿಲ್ಲ, ಹಾಲು ಬಿಸಿಯೋ ತಣ್ಣಗೋ ತಿಳಿಯುವುದಿಲ್ಲ. ಇದನ್ನೆಲ್ಲ ಅವಳು ಅಳೆದು, ಪಟ್ಟಿ ಮಾಡಿ, ಹನ್ನೊಂದು ಪುಟ ಬರೆದಿದ್ದಳು. ರಾಮಲಿಂಗಪ್ಪ ಆ ಹನ್ನೊಂದು ಪುಟ ಓದಿದ ದಿನ ಮನೆಯಲ್ಲಿದ್ದ ಚಿಕ್ಕಿಯ ಪುಡಿಕೆಯನ್ನು ಎರಡು ದಿನ ಬಿಚ್ಚಿರಲಿಲ್ಲ.

ಶಿವಾನಿಗೆ ಆ ಲೇಖನ ಯಾಕೆ ಬೇಕಿತ್ತೆಂದರೆ, ಏಪ್ರಿಲ್ ಹದಿನೆಂಟಕ್ಕೆ ಕಾತ್ರಜದ ಆಚೆಯ ಇನ್ನೊಂದು ಕಾಲೇಜಿನಲ್ಲಿ ಸಂದರ್ಶನ. ತಿಂಗಳ ಪಗಾರದ ನೌಕರಿ. ತನ್ನ ಹೆಸರಿನಲ್ಲಿ ಅಚ್ಚಾದ ಒಂದು ಲೇಖನ ಕೈಯಲ್ಲಿಲ್ಲದವರು ಬರಲೇಬೇಡಿ ಎಂದು ಜಾಹೀರಾತಿನಲ್ಲೇ ಹಾಕಿದ್ದರು. ಅದಕ್ಕೇ ಅವಳು ದಿನಾ ಪ್ರೆಸ್ಸಿಗೆ ಬಂದು ಪಟ್ಟಿಯ ಅಂಕಿಗಳನ್ನು ತಿದ್ದಿಸುತ್ತಿದ್ದಳು.

ಆ ಮಧ್ಯಾಹ್ನ ಬಂದದ್ದು ಲೇಖಕರ ಹೆಸರುಗಳ ಸಾಲು. ಕಳಿಸಿದವರು ಪತ್ರಿಕೆಯ ಸಂಪಾದಕರಾದ ಕೃಷ್ಣಾಜಿ ಸರ್. ರಾಮಲಿಂಗಪ್ಪ ಬೆರಳಿಟ್ಟು ಓದಿದ. ಮೊದಲನೆಯ ಹೆಸರು ಸ್ವತಃ ಕೃಷ್ಣಾಜಿಯವರದು. ಎರಡನೆಯದು ಸಂಸ್ಥೆಯ ಅಧ್ಯಕ್ಷ ಮೋಹನದಾಸ ಶೇಟರದು. ಮೂರನೆಯದು ಶೇಟರ ತಂದೆ ಚನ್ನವೀರಪ್ಪನವರದು. ನಾಲ್ಕು, ಶೇಟರ ಸೊಸೆ ಇಂಪನಾ. ಐದು, ಪ್ರಾಚಾರ್ಯರು. ಆರು, ಸೋಲಾಪುರದ ಕಾಲೇಜೊಂದರ ಚೇತನ ಎಂಬ ಪ್ರಾಧ್ಯಾಪಕರು. ಅಲ್ಲಿಗೆ ಸಾಲು ಮುಗಿಯಿತು.

ರಾಮಲಿಂಗಪ್ಪ ಹಾಳೆ ತಿರುಗಿಸಿ ಹಿಂದೆ ನೋಡಿದ.

“ನಿಂದೆಲ್ಲೆದವಾ?”

ಶಿವಾನಿ ಹನ್ನೊಂದನೇ ಪುಟದ ತಳ ತೋರಿಸಿದಳು. ಅಲ್ಲಿ ಸಣ್ಣ ಅಕ್ಷರದಲ್ಲಿ, ಟೈಪಿಂಗಿನಲ್ಲಿ ನೆರವಾದ ಕುಮಾರಿ ಶಿವಾನಿ ಅವರಿಗೆ ಧನ್ಯವಾದ, ಎಂದಿತ್ತು.

ರಾಮಲಿಂಗಪ್ಪನಿಗೆ ಹೊಳೆದದ್ದು ಒಂದೇ. ಕಾರ್ಡಿನಲ್ಲಿ ಇರಲೇಬೇಕಾದ ಹೆಸರು ಬಿಟ್ಟುಹೋದರೆ ಅದಕ್ಕೆ ಕಾರಣ ಒಂದೇ ಇರುತ್ತದೆ. ಅವನು ದನಿ ತಗ್ಗಿಸಿ ಕೇಳಿದ: “ಮನ್ಯಾಗ ಸೂತಕ ಏನರೆ ಅದ ಏನವಾ?”

ಶಿವಾನಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. “ಇಲ್ರಿ ಕಾಕಾ, ಎಲ್ಲಾರೂ ಆರಾಮ ಇದ್ದಾರ. ಮುಂದಿನ ಸಲ ನಿಂದು ಹಾಕೋಣ ಅಂದ್ರು ಸರ್.”

“ಮುಂದಿನ ಸಲ ಯಾವಾಗ?”

“ದಸರಾಕ್ಕ.”

“ಮತ್ತ ಸಂದರ್ಶನ?”

ಅವಳು ಓಢಣಿಯ ತುದಿಯಿಂದ ಕನ್ನಡಕ ಒರೆಸಿಕೊಂಡಳು. ಮೂಲೆಯಿಂದ ಕಲ್ಲವ್ವ, “ಮೂರನೇ ಹೆಸರು ಓದಿದ್ರೆಲ್ಲಾ, ಆ ಮುತ್ಯಾ ಹೋಗಿ ಒಂಬತ್ತು ವರ್ಷ ಆತಲ್ರಿ? ಅವರ ದಿನಕ್ಕ ನಾವು ಹುಗ್ಗಿ ಉಂಡು ಬಂದೀವಿ” ಎಂದಳು.

“ಹೌದು ನೋಡು. ‘ಲಿಂ.’ ಹಚ್ಚೂದು ಬಿಟ್ಟಾರ” ಎಂದು ರಾಮಲಿಂಗಪ್ಪ ಪೆನ್ಸಿಲ್ಲಿನಿಂದ ಆ ಹೆಸರಿಗೆ ಒಂದು ಗುರುತು ಹಾಕಿದ.

ಸೋಲಾಪುರದ ಚೇತನ ಯಾರು ಎಂಬುದನ್ನೂ ಶಿವಾನಿಯೇ ಹೇಳಿದಳು. ಅವರ ಲೇಖನದಲ್ಲಿ ಇವರ ಹೆಸರು ಹಾಕುತ್ತಾರೆ, ಇವರದರಲ್ಲಿ ಅವರದು. ಕಲ್ಲವ್ವನಿಗೆ ಇದು ಥಟ್ಟನೆ ತಿಳಿಯಿತು. “ಅಂದ್ರ ಮುಯ್ಯಿ. ನಾವು ಅವರ ಮಗಳ ಮದುವ್ಯಾಗ ಐದು ಪಾತ್ರಿ ಓದಿಸಿದ್ರ ಅವರು ನಮ್ಮ ಮಗನ ಮದುವ್ಯಾಗ ಐದು ಓದಿಸಬೇಕು. ಇದ್ರಾಗ ತಿಳೀಲಾರದ್ದು ಏನದ?”

ಇಷ್ಟೇ ಆಗಿದ್ದರೆ ರಾಮಲಿಂಗಪ್ಪ ಹೆಸರುಗಳನ್ನು ಇದ್ದ ಹಾಗೆ ಜೋಡಿಸಿ ಸುಮ್ಮನಾಗುತ್ತಿದ್ದನೇನೋ. ಆದರೆ ಹಿಂದಿನ ವಾರ ಇನ್ನೊಂದು ಸಂಗತಿ ನಡೆದಿತ್ತು. ಏಪ್ರಿಲ್ ಹನ್ನೆರಡಕ್ಕೆ ಕಾಲೇಜಿಗೆ ದರ್ಜೆ ಕೊಡುವ ಕಮಿಟಿ ಬರುವುದಿತ್ತು. ಪತ್ರಿಕೆಯಲ್ಲಿ ಧರ್ಮಸಂಹಿತೆ ಎಂಬುದೊಂದು ಇದ್ದರೆ ಅಂಕ ಹೆಚ್ಚು ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಕೃಷ್ಣಾಜಿಯವರು ಒಂದೇ ರಾತ್ರಿಯಲ್ಲಿ ಸಂಹಿತೆ ತಂದುಕೊಟ್ಟರು. ಕವರಿನ ಒಳಮೈಗೆ ಹಾಕಲು ರಾಮಲಿಂಗಪ್ಪ ಅದನ್ನು ಓದಿದ. ಬಹಳ ಚೆನ್ನಾಗಿತ್ತು. ಬೇರೆಯವರ ಬರಹ ಕದಿಯಬಾರದು ಎಂದು ಮೊದಲ ಸಾಲಿನಲ್ಲೇ ಇತ್ತು. ಎರಡನೇ ಸಾಲಿನಲ್ಲಿ ‘ನಮ್ಮ ಈ ಪಶುವೈದ್ಯ ಪತ್ರಿಕೆಯು’ ಎಂದಿತ್ತು. ರಾಮಲಿಂಗಪ್ಪ ಫೋನ್ ಹಚ್ಚಿ ಕೇಳಿದ. ಕೃಷ್ಣಾಜಿಯವರು, “ಹೆಸರೊಂದು ತಿದ್ದಿ ಬಿಡ್ರಿ, ಉಳಿದದ್ದು ಹಾಂಗ ಇರಲಿ, ಧರ್ಮ ಎಲ್ಲಾ ಕಡೆ ಒಂದ” ಎಂದರು. ಹಾಗಾಗಿ ಶೋಧಕುಂಭದ ಧರ್ಮಸಂಹಿತೆಯಲ್ಲಿ, ಪ್ರಯೋಗಕ್ಕೆ ಒಳಪಟ್ಟ ದನ, ಎಮ್ಮೆ, ಆಡು, ಕುರಿಗಳಿಗೆ ಯಾವುದೇ ಹಿಂಸೆಯಾಗಕೂಡದು ಎಂಬ ಸಾಲು ಹಾಗೇ ಉಳಿಯಿತು. ಹೆಂಗಸರ ಅಂಗೈ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ಆದರೆ ನಾಲ್ಕನೇ ಸಾಲು ಓದಿ ರಾಮಲಿಂಗಪ್ಪನಿಗೆ ತನ್ನ ಮನೆಯವರೇ ಯಾರೋ ಬರೆದಂತೆ ಅನಿಸಿತ್ತು. ‘ಕೆಲಸವನ್ನು ನಿಜವಾಗಿ ಮಾಡಿದವರ ಹೆಸರು ಮಾತ್ರ ಲೇಖಕರ ಸಾಲಿನಲ್ಲಿ ಇರತಕ್ಕದ್ದು. ಪ್ರತಿಯೊಬ್ಬರೂ ತಾವು ಮಾಡಿದ್ದನ್ನು ಬರೆದು, ಅದಕ್ಕೆ ತಾವು ಹೊಣೆ ಎಂದು ಸಹಿ ಮಾಡತಕ್ಕದ್ದು. ಲೇಖನ ಬರೆದವರು ಅದೇ ಲೇಖನವನ್ನು ಪರಿಶೀಲಿಸತಕ್ಕದ್ದಲ್ಲ.’ ಇಪ್ಪತ್ತು ವರ್ಷದಿಂದ ತಾನು ಮಾಡುತ್ತ ಬಂದ ಹೆಸರಿನ ಹಾಳೆಯನ್ನೇ ದೊಡ್ಡವರು ಕಾಯ್ದೆಯ ಮಾತಿನಲ್ಲಿ ಬರೆದಿದ್ದಾರೆ ಎಂದು ಅವನು ಹಿಗ್ಗಿದ. ಐನೂರು ಕವರು ಅಚ್ಚು ಹಾಕಿ ಒಣಗಲು ಹರಡಿಯೂ ಆಗಿತ್ತು.

ಛಾಪಿಸಿದ ಮಾತನ್ನು ನಂಬುವುದು ಅವನ ಹಳೆಯ ರೋಗ. ಕಾರ್ಡಿನಲ್ಲಿ ಮುಹೂರ್ತ ಹನ್ನೆರಡು ಹದಿನೈದು ಎಂದಿದ್ದರೆ ಅಕ್ಕಿಕಾಳು ಹನ್ನೆರಡು ಹದಿನೈದಕ್ಕೇ ಬೀಳಬೇಕು ಎನ್ನುವವನು. ಸಂಹಿತೆಯಲ್ಲಿ ಸಹಿ ಎಂದಿದ್ದರೆ ಸಹಿ. ಅವತ್ತು ಸಂಜೆಯೇ ಅವನು ಒಂದು ಹಾಳೆಗೆ ಗೆರೆ ಎಳೆದು ಮೂರು ಅಂಕಣ ಮಾಡಿದ. ಹೆಸರು, ಮಾಡಿದ ಕೆಲಸ, ಸಹಿ. ಮೇಲೆ ‘ಇದರಲ್ಲಿ ಬರೆದ ಮಾತಿಗೆ ನಾನು ಹೊಣೆ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ. ಸಾಲಿನ ಕೊನೆಗೆ ಏಳನೆಯದಾಗಿ ಶಿವಾನಿಯ ಹೆಸರು ಬರೆದ. ಅದರ ಕೆಳಗೆ ಇಬ್ಬರು ಪರಿಶೀಲಕರಿಗೂ ಸಂಪಾದಕರಿಗೂ ಒಂದೊಂದು ಸಾಲು ಬಿಟ್ಟ.

“ಅವರು ಕೊಟ್ಟಿಲ್ಲಲ್ರಿ” ಎಂದಳು ಕಲ್ಲವ್ವ.

“ಅಡಗಿ ಮಾಡಿದಾಕಿ ಹೆಸರು ಬಿಟ್ಟಾರ. ಮರತಿರಬೇಕು. ಸಹಿ ತಗೊಂಡಮ್ಯಾಲ ತಿಳೀತದ ಬಿಡು” ಎಂದ ರಾಮಲಿಂಗಪ್ಪ. ಮರೆತದ್ದಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೆ ಮದುವೆ ಮನೆಯ ಜಗಳಗಳಲ್ಲಿ ನಲವತ್ತೊಂದು ವರ್ಷ ಓಡಾಡಿದವನಿಗೆ, ಮರೆತಿರಬೇಕು ಎಂಬ ಮಾತಿನ ಉಪಯೋಗವೂ ಗೊತ್ತಿತ್ತು.

ಶಿವಾನಿ ಮರುದಿನ ಹಾಳೆ ನೋಡಿ ಹೆದರಿದಳು. “ಕಾಕಾ, ಬ್ಯಾಡ್ರಿ. ಇರೋ ತಾಸುಗಳೂ ಹೋಗ್ತಾವ.”

“ನಾ ಎಲ್ಲಿ ನಿನ್ನ ಪರವಾಗಿ ಹೊಂಟೀನವಾ? ನಂದು ನೇಮ ಅದ. ನಿನ್ನ ಅಂಕಣ ತುಂಬು.”

ಅವಳು ಬಹಳ ಹೊತ್ತು ಪೆನ್ನು ಹಿಡಿದು ಕುಳಿತು, ಆಮೇಲೆ ಬರೆಯತೊಡಗಿದಳು. ಕೆಲಸದ ಅಂಕಣದ ಜಾಗ ಸಾಲದೆ ಹಾಳೆಯ ಹಿಂಬದಿಗೂ ಹೋಗಬೇಕಾಯಿತು. ಕೊನೆಗೆ ಸಹಿ ಹಾಕಿದಳು.

ರಾಮಲಿಂಗಪ್ಪ ಹಾಳೆಯನ್ನು ಕೊಳವೆ ಸುತ್ತಿಕೊಂಡು ಮೊದಲು ಲಕ್ಷ್ಮೀ ರಸ್ತೆಗೆ ಹೋದ. ಮೋಹನದಾಸ ಶೇಟರು ಗಾದಿಯ ಮೇಲೆ ಕುಳಿತು ಇಳಕಲ್ ಸೀರೆಗಳ ಗಂಟು ಬಿಚ್ಚಿಸುತ್ತಿದ್ದರು.

“ಬರ್ರಿ ರಾಮಲಿಂಗಪ್ಪ, ಯಾರ ಮದುವಿ?”

“ಮದುವಿ ಅಲ್ರಿ ಶೇಟಜಿ, ಪೇಪರು. ಚಿಕ್ಕಿ ಮಾಡೋ ಹೆಣಮಕ್ಕಳ ಅಂಗೈ ಬಗ್ಗೆ. ನೀವ ಬರದದ್ದು.”

“ನಾನಾ?” ಶೇಟರು ಸೀರೆಯಿಂದ ಕೈ ತೆಗೆದರು. ಆಮೇಲೆ ನೆನಪಾದವರಂತೆ, “ಹಾಂ ಹಾಂ, ಇರಬೇಕು. ವರ್ಷಕ್ಕ ಆರು ಬರೀತೀನಂತ ನಾ. ಕೃಷ್ಣಾಜಿ ಹೇಳ್ತಿದ್ದರು. ಎಲ್ಲಿ ಸಹಿ?”

“ಇಲ್ರಿ. ಅದರ ಬಾಜೂಕ ನೀವು ಮಾಡಿದ ಕೆಲಸ.”

“ಕೆಲಸಾ?” ಶೇಟರು ಗಾದಿಯ ಮೇಲೆ ಸರಿದು ಕುಳಿತರು. “ಮತ್ತ ಈ ಮ್ಯಾಲಿಂದು ಏನದು, ಹೊಣೆ ಅಂದ್ರ?”

“ಏನಿಲ್ರಿ. ನಾಳೆ ಚಿಕ್ಕಿ ಭಟ್ಟಿಯವರು ಯಾರರೆ ಬಂದು, ನಮ್ಮಲ್ಲಿ ಹೆಣಮಕ್ಕಳ ಕೈ ಸುಡ್ತಾವಂತ ಬರದವರು ಯಾರು ಅಂತ ಕೇಳಿದ್ರ, ನೀವು ಮುಂದ ಬಂದು ‘ನಾ’ ಅನಬೇಕ್ರಿ. ಅಷ್ಟ.”

ಶೇಟರು ಹಾಳೆಯನ್ನು ದೂರ ತಳ್ಳಿದರು. “ಏ, ನಮ್ಮ ತಮ್ಮನ ಬೀಗರದ ಅಲ್ಲಿ ಎರಡು ಭಟ್ಟಿ ಅದಾವೋ ಮಾರಾಯಾ! ತಗೀರಿ ನನ್ನ ಹೆಸರು. ಈಗ ತಗೀರಿ. ನನ್ನ ಮುಂದ ಗೀಟು ಹಾಕ್ರಿ.”

ರಾಮಲಿಂಗಪ್ಪ ಗೀಟು ಹಾಕಿದ. “ಅಪ್ಪಾರದಕ್ಕ ‘ಲಿಂ.’ ಹಚ್ಚಲೇನ್ರಿ?”

“ಹಚ್ಚಬ್ಯಾಡ್ರಿ. ಹಚ್ಚಿದ್ರ, ಹೋದವರು ಹೆಂಗ ಬರದ್ರು ಅಂತ ಕಮಿಟಿಯವರು ಕೇಳ್ತಾರ.”

“ಹಚ್ಚಲಿಲ್ಲಂದ್ರ ಸಹಿ ಬೇಕ್ರಿ.”

ಶೇಟರು ಗೋಡೆಯ ಮೇಲಿನ ತಂದೆಯ ಫೋಟೋ ನೋಡಿದರು. ಫೋಟೋದಲ್ಲಿ ಚನ್ನವೀರಪ್ಪನವರು ಸುತ್ತಿದ ರುಮಾಲಿನಲ್ಲಿ ನೆಟ್ಟಗೆ ಕುಳಿತಿದ್ದರು. “ಅಪ್ಪಾರು ಇದ್ದಾಗೂ ಸಹಿ ಮಾಡ್ತಿದ್ದಿಲ್ಲ. ಹೆಬ್ಬಟ್ಟು” ಎಂದರು ಮೆಲ್ಲಗೆ. ಅಕ್ಷರ ಬಾರದ ಕೊರತೆಗೇ ಆ ಹಿರಿಯರು ಕಾಲೇಜು ಕಟ್ಟಿಸಿದ್ದು, ತಮ್ಮಂತೆ ಬೇರೆಯವರು ಹೆಬ್ಬಟ್ಟು ಒತ್ತಬಾರದು ಎಂದು. ಕಾಲೇಜಿನವರು ಅವರ ಋಣ ತೀರಿಸಿದ್ದು ಹೇಗೆಂದರೆ, ಅವರು ಹೋದ ಮೇಲೆ ಅವರಿಂದ ಒಂಬತ್ತು ವರ್ಷದಲ್ಲಿ ಹದಿನಾಲ್ಕು ಲೇಖನ ಬರೆಯಿಸಿದರು. “ಅದಕ್ಕೂ ಗೀಟು ಹಾಕ್ರಿ” ಎಂದು ಶೇಟರು ಮುಖ ತಿರುಗಿಸಿಕೊಂಡರು.

ಸೊಸೆ ಇಂಪನಾ ಮೈಸೂರಿನವಳು, ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಶೇಟರೇ ನಂಬರು ಹಚ್ಚಿಕೊಟ್ಟರು.

“ಅಂಕಲ್, ಒಂದ್ ನಿಮಿಷ, ಮೀಟಿಂಗ್‌ನಿಂದ ಆಚೆ ಬರ್ತೀನಿ. ಹಾಂ, ಹೇಳಿ. ಚಿಕ್ಕಿನಾ? ನನ್ ಹೆಸ್ರು ಯಾಕಿದೆ ಅದ್ರಲ್ಲಿ?”

“ನೀವು ನಮ್ಮ ಕಾಲೇಜಿನ್ಯಾಗ ಪಾಠ ಹೇಳ್ತೀರಿ ಅಂತ ಹೆಸರಿನ ಮುಂದ ಹಾಕ್ಯಾರಲ್ರಿ ಬಾಯಾರ.”

“ನಾನಾ? ಒಂದ್ಸಲ ಫ್ರೆಶರ್ಸ್ ಡೇಗೆ ದೀಪ ಹಚ್ಚೋಕೆ ಬಂದಿದ್ದೆ, ಅಷ್ಟೇ! ಅಂಕಲ್, ಪ್ಲೀಸ್, ಆ ಫಾರ್ಮ್ ವಾಟ್ಸಾಪ್ ಮಾಡಿ.”

ರಾಮಲಿಂಗಪ್ಪ ಫೋಟೋ ಕಳಿಸಿದ. ಹತ್ತು ನಿಮಿಷದಲ್ಲಿ ಅದು ತುಂಬಿ ಬಂತು. ಮಾಡಿದ ಕೆಲಸದ ಅಂಕಣದಲ್ಲಿ ‘ಏನೂ ಇಲ್ಲ’ ಎಂದು ಬೆರಳಿನಿಂದ ಬರೆದು ಕೆಳಗೆ ಸಹಿ ಮಾಡಿದ್ದಳು. ಅವತ್ತಿನವರೆಗೆ ಎರಡೂ ಅಂಕಣ ನೆಟ್ಟಗೆ ತುಂಬಿದವರು ಶಿವಾನಿಯನ್ನು ಬಿಟ್ಟರೆ ಅವಳೊಬ್ಬಳೇ. ರಾಮಲಿಂಗಪ್ಪ ಗೌರವದಿಂದಲೇ ಅವಳ ಹೆಸರಿಗೆ ಗೀಟು ಎಳೆದ.

ಪ್ರಾಚಾರ್ಯರು ಹಾಳೆಯನ್ನು ಮೂರು ಸಲ ಓದಿ, ಕೃಷ್ಣಾಜಿ ಮೊದಲು ಹಾಕಲಿ, ಆಮೇಲೆ ನೋಡೋಣ ಎಂದರು. ಸೋಲಾಪುರದ ಚೇತನರು ಫೋನಿನಲ್ಲಿ ಮೊದಲು ಬಹಳ ಖುಷಿಯಾಗಿ, “ನನ್ನ ಹೆಸರು ಎರಡನೇದು ಹಾಕ್ಯಾರಲ್ರೀ?” ಎಂದು ಕೇಳಿದರು.

“ಆರನೇದ್ರಿ.”

“ಆರನೇದಾ? ನಾ ಅವರದ ಎರಡನೇದು ಹಾಕೀನ್ರಿ!”

“ಅದೇನರೆ ಇರಲಿ ಸರ್, ಒಂದು ಸಹಿ ಬೇಕಾಗಿತ್ತು, ಲೋಣಾವಳಾದಾಗ ನೀವು ಏನ್ ಮಾಡಿದ್ರಿ ಅಂತ...”

“ಹಲೋ? ಹಲೋ? ದನೀನ ಬರವಲ್ದರೀ” ಎಂದರು ಅವರು. ಆಮೇಲೆ ಆ ಫೋನು ಏಳಲೇ ಇಲ್ಲ.

ಹೀಗೆ ಆರರಲ್ಲಿ ಉಳಿದದ್ದು ಒಂದೂವರೆ. ಕೃಷ್ಣಾಜಿಯವರು ಪೂರ್ತಿ, ಪ್ರಾಚಾರ್ಯರು ಅರ್ಧ.

ಸುದ್ದಿ ಮುಟ್ಟಲು ತಡವಾಗಲಿಲ್ಲ. ಮರುದಿನ ಬೆಳಿಗ್ಗೆ ಕೃಷ್ಣಾಜಿಯವರು ಸ್ಕೂಟರಿನ ಹೆಲ್ಮೆಟ್ಟನ್ನೂ ತೆಗೆಯದೆ ಪ್ರೆಸ್ಸಿನೊಳಗೆ ಬಂದರು. ನಿಪ್ಪಾಣಿ ಕಡೆಯವರು, ಸಿಟ್ಟು ಬಂದಾಗ ಮಾತ್ರ ಒಳ್ಳೆಯ ಕನ್ನಡ ಆಡುತ್ತಿದ್ದರು.

“ರಾಮಲಿಂಗಪ್ಪ, ನೀವು ಛಾಪಿಸೋರೋ, ಫೌಜದಾರರೋ? ನಿಮಗ ಯಾರು ಹೇಳಿದ್ರು ಊರೆಲ್ಲಾ ತಿರಗಿ ಸಹಿ ಕೇಳು ಅಂತ?”

“ನೀವ ಹೇಳೀರಲ್ರಿ ಸರ್” ಎಂದು ರಾಮಲಿಂಗಪ್ಪ ಒಣಗಿದ ಕವರೊಂದನ್ನು ತಂದು ಒಳಮೈ ತೋರಿಸಿದ. “ನಾಕನೇ ಸಾಲು ನೋಡ್ರಿ.”

“ಅಯ್ಯ, ಅದನ್ನ ಯಾರು ಓದತಾರ್ರಿ?”

“ನಾ ಓದೀನ್ರಿ. ಎರಡು ಸಲ.”

ಕೃಷ್ಣಾಜಿಯವರು ಹೆಲ್ಮೆಟ್ ತೆಗೆದರು. ಕಲ್ಲವ್ವ ಎದ್ದು ನೀರು ಕೊಟ್ಟಳು. ನೀರು ಕುಡಿದು ಅವರು ದನಿ ಬದಲಿಸಿದರು. “ನೋಡ್ರಿ, ಇದು ನಡಕೊಂಡು ಬಂದದ್ದು. ನಾನೂ ಆಕಿ ವಯಸ್ಸಿನ್ಯಾಗ ನಮ್ಮ ಸರ್‌ಗೆ ಏಳು ಪೇಪರು ಬರದು ಕೊಟ್ಟೀನಿ. ಒಂದರಾಗೂ ನನ್ನ ಹೆಸರಿಲ್ಲ. ನಾ ಅತ್ತೇನೇನು? ತರ್ರಿ ಇಲ್ಲಿ, ನನ್ನ ಸಹಿ ನಾ ಹಾಕತೀನಿ. ಬ್ಯಾರೆಯವರಂಗ ಓಡಿಹೋಗೋನಲ್ಲ.”

ರಾಮಲಿಂಗಪ್ಪ ಹಾಳೆ ಬಿಚ್ಚಿದ. “ಒಂದು ಇಲ್ರಿ, ಬರದವರು ಅಂತ. ಇನ್ನೊಂದು ಇಲ್ಲಿ, ಮೊದಲನೇ ಪರಿಶೀಲಕರು ಅಂತ. ಇನ್ನೊಂದು ಕೆಳಗ, ಎರಡನೇ ಪರಿಶೀಲಕರು ಅಂತ. ಆಮ್ಯಾಲ ಸಂಪಾದಕರು.”

“ಪರಿಶೀಲಕರ ಹೆಸರು ಗುಪ್ತ ಇರತದರೀ!”

“ಹೌದ್ರಿ. ಒಬ್ಬರು ನೀಲಿ ಪೆನ್ನಿನಾಗ ‘ಅತ್ಯುತ್ತಮ’ ಅಂತ ಬರದಾರ. ಇನ್ನೊಬ್ಬರು ಹಸರು ಪೆನ್ನಿನಾಗ ‘ಶೀರ್ಷಿಕೆ ಇನ್ನೂ ಉದ್ದ ಇರಬೇಕಿತ್ತು’ ಅಂತ ಬರದಾರ. ಹನ್ನೊಂದು ವರ್ಷ ಆತ್ರಿ ನಾ ನಿಮ್ಮ ಅಕ್ಷರ ಓದಾಕ ಹತ್ತಿ. ಗುಪ್ತ ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ ಬಿಡ್ರಿ. ಆದ್ರ ಮದುವಿ ನೋಂದಣ್ಯಾಗೂ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು, ಸಾಕ್ಷಿ, ಅಯ್ಯನೋರು ಅಂತ ನಾಕೂ ಕಡೆ ಒಬ್ಬನ ಸಹಿ ಇದ್ರ, ಸಾಹೇಬರು ಒಂದೀಟು ಕನ್ನಡಕ ಮ್ಯಾಲ ಮಾಡಿ ನೋಡ್ತಾರ್ರಿ. ಕಮಿಟಿಯವರು ಈ ಕವರು ಓದಿಬಿಟ್ರ?”

ಕೃಷ್ಣಾಜಿಯವರು ಕವರು ನೋಡಿದರು. ಐನೂರು ಕವರು, ಚೆಂದದ ದಪ್ಪ ಕಾಗದ, ಒಂದಂಕ ಹೆಚ್ಚು ಸಿಗಲೆಂದು ಬಣ್ಣದಲ್ಲಿ ಹಾಕಿಸಿದ್ದು. ಕಮಿಟಿಗೆ ಹನ್ನೆರಡು ದಿನ ಉಳಿದಿತ್ತು. ಅವರು ಪೆನ್ನು ಹಿಡಿದು ‘ಮಾಡಿದ ಕೆಲಸ’ದ ಅಂಕಣದಲ್ಲಿ ‘ಮಾರ್ಗದರ್ಶನ’ ಎಂದು ಬರೆದರು. ಸಹಿಯ ಅಂಕಣಕ್ಕೆ ಪೆನ್ನು ತಂದರು.

“ಲೋಣಾವಳಾದಾಗ ಮಳಿ ಭಾಳಂತ್ರಿ” ಎಂದಳು ಕಲ್ಲವ್ವ, ಲಕೋಟೆಯ ಅಂಚು ಮಡಚುತ್ತ. “ಆ ಹುಡುಗಿ ಮಳಿಗಾಲದಾಗ ಎಲ್ಲಾ ರವಿವಾರ ತೊಯಿಸಿಕೊಂಡ ಬರ್‍ತಿತ್ತು. ನೀವು ಹೋದಾಗ ಹೆಂಗಿತ್ರೀ ಸಾಹೇಬ್ರ?”

“ನಾ ಎಲ್ಲಿ ಹೋಗೀನಿ?” ಎಂದುಬಿಟ್ಟರು ಕೃಷ್ಣಾಜಿಯವರು. ಅಂದ ಮೇಲೆ ತಾವೇ ಅಂದ ಮಾತು ಕೇಳಿಸಿಕೊಂಡರು.

ಹೊರಗೆ ಕೋರ್ಟಿನ ನೋಟರಿಯೊಬ್ಬ ಗಿರಾಕಿಯ ಜೊತೆ ಚೌಕಾಸಿ ಮಾಡುವುದು ಕೇಳುತ್ತಿತ್ತು. ಕೃಷ್ಣಾಜಿಯವರು ಹಾಳೆಯ ಹಿಂಬದಿ ತಿರುಗಿಸಿ ಶಿವಾನಿ ಬರೆದದ್ದನ್ನು ಓದಿದರು. ಮೂವತ್ನಾಲ್ಕು ರವಿವಾರದ ತಾರೀಖುಗಳು, ಒಬ್ಬೊಬ್ಬ ಹೆಂಗಸಿನ ಎಡಗೈ ಬಲಗೈ. ತಾವು ಬರೆದ ಆ ಏಳು ಲೇಖನಗಳು ಅವರಿಗೆ ನೆನಪಾದವೋ ಇಲ್ಲವೋ ಯಾರು ಬಲ್ಲರು. ನೆನಪಾದದ್ದು ಕಮಿಟಿ ಎಂದೇ ರಾಮಲಿಂಗಪ್ಪನ ಅಂದಾಜು. ಸಂಪಾದಕರೆಂದು ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ಅವರ ಹೆಸರು ಆಗಲೇ ಅಚ್ಚಾಗಿತ್ತು. ಬರೆದವರ ಸಾಲು ಬಿಟ್ಟರೆ ಹೋಗುವುದು ಒಂದು ಲೇಖನ, ಸಂಪಾದಕರ ಕುರ್ಚಿ ಬಿಟ್ಟರೆ ಹೋಗುವುದು ಎಲ್ಲ ಲೇಖನಗಳು. ಅವರು ಲೆಕ್ಕ ಬಲ್ಲವರು. ತಮ್ಮ ಹೆಸರಿಗೆ ತಾವೇ ಗೀಟು ಎಳೆದರು. ಅದನ್ನು ಕೇಳಿದ ಪ್ರಾಚಾರ್ಯರ ಅರ್ಧವೂ ಸಂಜೆಯೊಳಗೆ ಕಳಚಿತು.

“ಪರಿಶೀಲನಕ್ಕ ಬ್ಯಾರೆ ಇಬ್ಬರಿಗೆ ಕಳಿಸ್ತೀನಿ” ಎಂದು ಹೊರಡುವಾಗ ಕೃಷ್ಣಾಜಿಯವರು ಹೇಳಿದರು. “ಈ ಹಾಳಿದೊಂದು ಝೆರಾಕ್ಸು ಕೊಡ್ರಿ ನನಗ.”

ಕಳಿಸಿದರೂ ಕಳಿಸಿದರು. ಇಬ್ಬರಲ್ಲಿ ಒಬ್ಬ ಹೆಣ್ಣುಮಗಳು ನಿಜವಾಗಿ ಓದಿ, ಮೂರನೇ ಪಟ್ಟಿಯ ಕೂಡಿಸುವಿಕೆ ತಪ್ಪಿದೆ ಎಂದು ಬರೆದಳು. ಶಿವಾನಿ ಒಂದಿಡೀ ದಿನ ಪ್ರೆಸ್ಸಿನಲ್ಲೇ ಕುಳಿತು ಅದನ್ನು ಸರಿಮಾಡಿದಳು. ಇಷ್ಟು ವರ್ಷದಲ್ಲಿ ಶೋಧಕುಂಭದ ಒಂದು ಅಂಕಿಯನ್ನು ಯಾರಾದರೂ ತಪ್ಪು ಎಂದದ್ದು ಅದೇ ಮೊದಲು.

ಛಾಪಿಸುವ ಮುಂಚೆ ರಾಮಲಿಂಗಪ್ಪನಿಗೆ ಇನ್ನೊಂದು ಆಸೆ ಬಂತು. ಆರು ಹೆಸರು ಹೋಗಿ ಜಾಗ ಉಳಿದಿತ್ತು. “ಆ ಅರವತ್ತಮೂರೂ ಹೆಣಮಕ್ಕಳ ಹೆಸರು ಹಾಕೋಣೇನವಾ? ಸಣ್ಣ ಅಕ್ಷರದಾಗ ಛಂದ ಕೂಡ್ತಾವ.”

“ಬ್ಯಾಡ್ರಿ ಕಾಕಾ. ಹೆಸರು ಹಾಕಿದ್ರ ಭಟ್ಟಿಯವರು ಕೆಲಸ ಬಿಡಿಸ್ತಾರ. ಅವರು ನಂಗ ಅಂಗೈ ತೋರಸ್ಯಾರ, ಹೆಸರು ಕೊಟ್ಟಿಲ್ಲ. ಹೇಳಾಂಗಿಲ್ಲ ಅಂತ ಮಾತು ಕೊಟ್ಟೀನಿ.”

ರಾಮಲಿಂಗಪ್ಪ ಕೈಯಲ್ಲಿದ್ದ ಪೆನ್ಸಿಲ್ಲನ್ನು ಕೆಳಗಿಟ್ಟ. ಹೆಸರು ಹಾಕಿಸಿಕೊಳ್ಳಲು ಜಗಳಾಡುವವರನ್ನು ಅವನು ಕಂಡಿದ್ದ. ಕೆಲಸ ಮಾಡಿಯೂ ಹೆಸರು ಬೇಡ ಎನ್ನುವವರ ಸಲುವಾಗಿ ಅವನ ಹಾಳೆಯಲ್ಲಿ ಅಂಕಣವೇ ಇರಲಿಲ್ಲ.

ಸಂಚಿಕೆ ಹತ್ತನೇ ತಾರೀಖಿಗೆ ಹೊರಬಂತು. ಅಂಗೈಗಳ ಲೇಖನದ ಮೇಲೆ ಒಂದೇ ಹೆಸರು, ಶಿವಾನಿ. ಹದಿನೆಂಟರಂದು ಸಂದರ್ಶನದಲ್ಲಿ ಒಬ್ಬರು ಪತ್ರಿಕೆ ತಿರುವಿ ನೋಡಿ, “ಒಬ್ಬಳೇ ಬರೆದದ್ದಾ? ಯಾವ ಸರ್ ಬರೆದುಕೊಟ್ಟರು?” ಎಂದು ಕೇಳಿದರಂತೆ. ಅವಳು ಬ್ಯಾಗಿನಿಂದ ಹೆಸರಿನ ಹಾಳೆಯ ಝೆರಾಕ್ಸು ತೆಗೆದು ಮೇಜಿನ ಮೇಲಿಟ್ಟಳಂತೆ, ಗೀಟು ಎಳೆದ ಆರು ಹೆಸರಿನ ಸಮೇತ. ಮೇಜಿನ ಆಚೆ ಕುಳಿತವರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿ, ಕೆಮ್ಮಿ, ಮುಂದಿನ ಪ್ರಶ್ನೆಗೆ ಹೋದರಂತೆ. ನೌಕರಿ ಆಯಿತು. ಎರಡು ವರ್ಷದ ಕರಾರು. ಪಕ್ಕಾ ಅಲ್ಲ, ಆದರೆ ತಾಸಿನ ಲೆಕ್ಕವೂ ಅಲ್ಲ.

ಜೂನ್ ತಿಂಗಳಲ್ಲಿ ಅವಳು ಪೇಢೆಯ ಡಬ್ಬಿ ಹಿಡಿದು ಪ್ರೆಸ್ಸಿಗೆ ಬಂದಳು. ಮುಖದಲ್ಲಿ ಸಂತೋಷಕ್ಕಿಂತ ಸಿಟ್ಟು ಹೆಚ್ಚಿತ್ತು.

“ಕಾಕಾ, ಕೇಳಿದ್ರೇನು? ಕೃಷ್ಣಾಜಿ ಸರ್ ಈಗ ಊರೂರು ತಿರಗಿ ಭಾಷಣ ಮಾಡಾಕತ್ತಾರ. ಸಂಶೋಧನಾ ಪ್ರಕಟಣೆಯಲ್ಲಿ ನೈತಿಕತೆ, ಅಂತ. ನಿಮ್ಮ ಹೆಸರಿನ ಹಾಳಿನ ಪಡದೆ ಮ್ಯಾಲ ತೋರಿಸಿ, ಇದು ನಾ ಕಂಡುಹಿಡದ ಪದ್ಧತಿ ಅಂತಾರ! ನಿಮ್ಮ ಹೆಸರು ಒಂದ ಸಲಾನೂ ತಗೀಲಿಲ್ಲ.”

“ಹಾಳಿ ತುಂಬಸ್ತಾರೇನು?”

“ತುಂಬಸ್ತಾರ್ರಿ. ಎಂಟು ಕಾಲೇಜಿನ್ಯಾಗ ಸುರು ಆಗೇದಂತ.”

“ಮತ್ತೇನು?” ಎಂದು ರಾಮಲಿಂಗಪ್ಪ ಒಂದು ಪೇಢೆ ಬಾಯಿಗೆ ಹಾಕಿಕೊಂಡ. ಆಮೇಲೆ, “ಗೆರಿ ನೆಟ್ಟಗ ಎಳದಾರೇನವಾ? ನನ್ನ ಅಂಕಣದಾಗ ಕೆಲಸದ ಜಾಗ ಸಣ್ಣದಾಗಿತ್ತು. ನಿಂದು ಹಿಂದಕ್ಕ ಹೋಗಬೇಕಾತು ನೋಡು. ಅದೊಂದು ದೊಡ್ಡದು ಮಾಡ್ರಿ ಅಂತ ಹೇಳು ಅವರಿಗೆ” ಎಂದ.

“ಹೇಳೂದು ಇರಲಿ, ಇಲ್ಲಿ ಬರ್ರಿ” ಎಂದು ಕಲ್ಲವ್ವ ಕರೆದಳು. ಎದುರಿಗೆ ಎರಡು ಸಿವುಡು ಮೆಂತೆ ಪಲ್ಯ ಬಿಚ್ಚಿಟ್ಟುಕೊಂಡಿದ್ದಳು. ಕೆಳಗೆ ಹಾಸಿದ್ದು ರದ್ದಾದ ಪ್ರೂಫಿನ ಹಾಳೆಗಳು. ಆರು ಹೆಸರೂ ಸಾಲಾಗಿ ಇದ್ದವು, ದಪ್ಪ ಅಕ್ಷರದಲ್ಲಿ. ರಾಮಲಿಂಗಪ್ಪ ಕನ್ನಡಕ ತೆಗೆದು ಜೇಬಿಗಿಟ್ಟು ಕೆಳಗೆ ಕುಳಿತ. ಶಿವಾನಿಯೂ ಓಢಣಿ ಸೊಂಟಕ್ಕೆ ಸುತ್ತಿ ಎದುರಿಗೆ ಕುಳಿತಳು. ಮೂವರೂ ಎಲೆ ಬಿಡಿಸಿ ಬುಟ್ಟಿಗೆ, ಕಾಂಡ ಹಾಳೆಯ ಮೇಲೆ ಹಾಕುತ್ತ ಹೋದರು.

“ಬೇರು ಬರಲಾರದಂಗ ನೋಡ್ರಿ” ಎಂದಳು ಕಲ್ಲವ್ವ. “ಮಣ್ಣು ಭಾಳ ಅದ ಈ ಸಲ.”